ಆಳದ ಗೋಡೆಗೆ ಸ್ಟೋನ್ ವೂಲ್: ಮೊದಲು ಟೇಪ್, ಆಮೇಲೆ ಪ್ಯಾಕೆಟ್

(ಮಿನೆಸೋಟಾದಲ್ಲಿರುವ ಕನ್ನಡಿಗ ಮನೆಮಾಲೀಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ತುಂಬಾ ಜನ ಈಗ ಮನೆಗೆ ಒಂದು ರೂಮ್ ಸೇರಿಸುತ್ತಿದ್ದಾರೆ. ಕೆಲವರು ಗ್ಯಾರೇಜ್ ಮೇಲೆ ಕಟ್ಟಿಸುತ್ತಿದ್ದಾರೆ. ಊರಿಂದ ಅಪ್ಪ ಅಮ್ಮ ಬಂದರೆ ತಿಂಗಳುಗಟ್ಟಲೆ ಇರುತ್ತಾರೆ, ಅವರಿಗೊಂದು ಬೆಚ್ಚಗಿನ ಕೋಣೆ ಬೇಕು ಅಲ್ವಾ? ಆ ಕೋಣೆಯ ಗೋಡೆ ಎಷ್ಟು ದಪ್ಪ ಇರಬೇಕು, ಒಳಗೆ ಏನು ತುಂಬಬೇಕು ಅಂತ ನನ್ನನ್ನು ಪದೇ ಪದೇ ಕೇಳುತ್ತಾರೆ. ಇವತ್ತು ಅದರಲ್ಲಿ ಒಂದೇ ಭಾಗ ಹಿಡಿದು ಮಾತಾಡುತ್ತೇನೆ. ಮರದ ಫ್ರೇಮಿನ ಆಳವಾದ ಖಾನೆಗಳಿಗೆ, ಅಂದರೆ 2×8, 2×10, 2×12 (ಇಂಚಿನ ಲೆಕ್ಕದ ಮರದ ಹೆಸರುಗಳು), ಎರಡು ಸಾಲು ಸ್ಟಡ್‌ನ (ನೆಟ್ಟಗೆ ನಿಲ್ಲುವ ಮರದ) ಗೋಡೆ, ಇಳಿಜಾರು ಮಾಡು (ಛಾವಣಿ), ಇಂಥ ಕಡೆ ಸ್ಟೋನ್ ವೂಲ್ ಬ್ಯಾಟ್, ಅಂದರೆ ಕಲ್ಲಿನ ಉಣ್ಣೆಯ ದಪ್ಪ ಹಾಸು, ಆರಿಸುವುದು ಹೇಗೆ?

2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್ ಇತ್ತು. ಆ ದಿನ ಇಲ್ಲಿದ್ದವರಿಗೆ ಗೋಡೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಒಳಗೆ 21, ಹೊರಗೆ ಮೈನಸ್ 33. ನಡುವೆ ಐವತ್ತನಾಲ್ಕು ಡಿಗ್ರಿ ವ್ಯತ್ಯಾಸ. ಅದನ್ನು ತಡೆದು ನಿಲ್ಲಿಸುವುದು ಕೆಲವೇ ಇಂಚು ದಪ್ಪದ ಒಂದು ಪದರ.

ಇಷ್ಟು ಆಳ ಯಾಕೆ ಬಂತು ಅಂತ ಮೊದಲು ನೋಡೋಣ. ಅಮೆರಿಕದ ಮಾದರಿ ಎನರ್ಜಿ ಕೋಡ್, ಐಇಸಿಸಿಯ 2021ರ ಆವೃತ್ತಿಯಲ್ಲಿ ಚಳಿ ಪ್ರದೇಶದ ಗೋಡೆಗೆ ಕೆಲವು ದಾರಿ ಕೊಟ್ಟಿದ್ದಾರೆ. ಆರ್ ಅಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ತಡೆ ಜಾಸ್ತಿ. ಖಾನೆಯೊಳಗೇ ಆರ್-30 ತುಂಬಿಸಬಹುದು. ಇಲ್ಲವೇ ಖಾನೆಯಲ್ಲಿ ಆರ್-20 ಇಟ್ಟು, ಗೋಡೆಯ ಹೊರಮೈಗೆ ಆರ್-5ರ ಹಲಗೆ ಹೊದಿಸಬಹುದು. ಆರ್-13 ಜೊತೆ ಹೊರಗೆ ಆರ್-10 ಕೂಡ ನಡೆಯುತ್ತದೆ. ಸೀಲಿಂಗ್‌ಗಂತೂ ಆರ್-60 ಕೇಳುತ್ತದೆ. ನಿಮ್ಮ ರಾಜ್ಯ, ನಿಮ್ಮ ಊರು ಯಾವ ಆವೃತ್ತಿ ಒಪ್ಪಿಕೊಂಡಿದೆ ಅನ್ನುವುದನ್ನು ಪರ್ಮಿಟ್ ಆಫೀಸಿನಲ್ಲೇ ಕೇಳಿ. ಎಲ್ಲ ಕಡೆ ಒಂದೇ ಇಲ್ಲ. ಆದರೆ ದಿಕ್ಕು ಒಂದೇ: ಗೋಡೆ ದಪ್ಪವಾಗುತ್ತಿದೆ.

ಇದು ಹೊಸ ವಿಚಾರವೂ ಅಲ್ಲ. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಸಸ್ಕ್ಯಾಚೆವನ್ ಕನ್ಸರ್ವೇಷನ್ ಹೌಸ್ ಅಂತ ಒಂದು ಮನೆ ಕಟ್ಟಿದರು. ಎರಡು ಸಾಲು ಸ್ಟಡ್, ಸುಮಾರು ಒಂದಡಿ ದಪ್ಪದ ಗೋಡೆ, ಆರ್-40ಕ್ಕೂ ಮೇಲೆ. ಅದರ ಜೊತೆಗೆ ಗಾಳಿ ನುಗ್ಗದ ಹಾಗೆ ಮನೆಯನ್ನು ಬಿಗಿ ಮಾಡಿದರು. ಮುಂದೆ ಜರ್ಮನಿಯಲ್ಲಿ ಪ್ಯಾಸಿವ್ ಹೌಸ್ (ತೀರಾ ಕಡಿಮೆ ಇಂಧನದಲ್ಲಿ ಬೆಚ್ಚಗಿರುವ ಮನೆ) ಅಂತ ಬೆಳೆದ ಪದ್ಧತಿಗೆ ಈ ಮನೆಯೂ ಒಂದು ಬೇರು. ಆ ಕಾಲದಲ್ಲೇ ಅವರು ಎರಡನ್ನೂ ಒಟ್ಟಿಗೆ ಮಾಡಿದ್ದರು ಅನ್ನುವುದು ಮುಖ್ಯ. ಈ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು ವಸ್ತುವಿನ ವಿಷಯ. ಸ್ಟೋನ್ ವೂಲ್ ಅಂದರೆ ನಿಜವಾಗಿಯೂ ಕಲ್ಲು. ಬಸಾಲ್ಟ್ ಜಾತಿಯ ಕಪ್ಪು ಕಲ್ಲು ಮತ್ತು ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಸುಮಾರು 1500 ಡಿಗ್ರಿಯಲ್ಲಿ ಕರಗಿಸುತ್ತಾರೆ. ಆ ದ್ರವವನ್ನು ಗಿರಗಿರ ತಿರುಗುವ ಚಕ್ರಗಳ ಮೇಲೆ ಬಿಟ್ಟರೆ ಎಳೆ ಎಳೆಯಾಗಿ ಸಿಡಿಯುತ್ತದೆ. ಎಳೆಗಳನ್ನು ಹಿಡಿದಿಡಲು ಒಂದಿಷ್ಟು ಬೈಂಡರ್, ನೀರು ಹೀರದಿರಲು ಒಂದಿಷ್ಟು ಎಣ್ಣೆ. ವಿಜಯಪುರದ ಗೋಳಗುಮ್ಮಟ ಕಟ್ಟಿದ್ದು ಇದೇ ಜಾತಿಯ ಕಲ್ಲಿನಿಂದ. ಡೆನ್ಮಾರ್ಕಿನಲ್ಲಿ ರಾಕ್‌ವೂಲ್ ಕಂಪನಿ 1937ರಲ್ಲಿ ಇದನ್ನು ತಯಾರಿಸಲು ಶುರು ಮಾಡಿತು. ಉತ್ತರ ಅಮೆರಿಕದಲ್ಲಿ ಬಹಳ ವರ್ಷ ರಾಕ್ಸುಲ್ ಅನ್ನುವ ಹೆಸರಲ್ಲಿ ಮಾರುತ್ತಿದ್ದದ್ದೂ ಅವರದೇ. ಈಗ ಬೇರೆ ಕಂಪನಿಗಳೂ ಮಾಡುತ್ತವೆ.

ಇದರ ಗುಣಗಳಲ್ಲಿ ನಮಗೆ ಬೇಕಾದದ್ದು ಕೆಲವೇ. ಸಾವಿರ ಡಿಗ್ರಿವರೆಗೂ ಕರಗುವುದಿಲ್ಲ. ನೀರು ಬಿದ್ದರೆ ಮೇಲೇ ಹನಿಯಾಗಿ ನಿಲ್ಲುತ್ತದೆ. ಘನ ಅಡಿಗೆ ಸುಮಾರು ಎರಡು ಪೌಂಡ್ ತೂಕ. ಮಾಮೂಲಿ ಗ್ಲಾಸ್ ವೂಲ್ (ಗಾಜಿನ ಎಳೆಯ) ಬ್ಯಾಟ್‌ಗಿಂತ ಇದು ಎಷ್ಟೋ ಗಟ್ಟಿ. ಹಾಗಾಗಿ ಸದ್ದನ್ನೂ ಚೆನ್ನಾಗಿ ತಡೆಯುತ್ತದೆ. ಶಾಖ ತಡೆಯುವುದರಲ್ಲಿ ಇಂಚಿಗೆ ಆರ್-4ಕ್ಕೆ ತುಸು ಮೇಲೆ. ಗ್ಲಾಸ್ ವೂಲ್‌ನ ಒಳ್ಳೆಯ ಬ್ಯಾಟ್ ಕೂಡ ಇದರ ಹತ್ತಿರ ಹತ್ತಿರ ಬರುತ್ತದೆ. ಅಂದಮೇಲೆ ಆರ್ ಸಂಖ್ಯೆಗೋಸ್ಕರ ಜಾಸ್ತಿ ದುಡ್ಡು ಕೊಟ್ಟು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಇದನ್ನು ಕೊಳ್ಳಬೇಕಾದದ್ದು ಅದರ ಗಟ್ಟಿತನಕ್ಕೆ. ಆಳದ ಖಾನೆಯಲ್ಲಿ ಕುಸಿಯದೆ, ಜಾರದೆ, ಮೂಲೆ ಮೂಲೆಗೂ ಒತ್ತಿ ನಿಲ್ಲುತ್ತದಲ್ಲ, ಅದಕ್ಕೆ.

ಯಾಕೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ದಯವಿಟ್ಟು ಇದನ್ನು ಗಮನಿಸಿ, ಇವತ್ತಿನ ಮಾತಿನ ಗಟ್ಟಿ ಇದರಲ್ಲೇ ಇದೆ.

ಎರಡು ಗೋಡೆ ಇವೆ ಅಂದುಕೊಳ್ಳಿ. ಒಂದು ಹಳೇ 2×4 ಗೋಡೆ, ಇನ್ಸುಲೇಷನ್ ಇರುವ ಜಾಗದಲ್ಲಿ ಒಟ್ಟು ಆರ್-15. ಇನ್ನೊಂದು ಆಳದ ಗೋಡೆ, ಒಟ್ಟು ಆರ್-32. ಎರಡರಲ್ಲೂ ಕೆಲಸದವರು ನೂರಕ್ಕೆ ಐದು ಭಾಗ ಸಂದು ಬಿಟ್ಟಿದ್ದಾರೆ. ಸಂದಿನ ಜಾಗದಲ್ಲಿ ಡ್ರೈವಾಲ್ (ಒಳಗಿನ ಜಿಪ್ಸಂ ಹಲಗೆ), ಪ್ಲೈವುಡ್, ಸೈಡಿಂಗ್ (ಹೊರಮೈಯ ಪಟ್ಟಿ) ಎಲ್ಲ ಸೇರಿ ಆರ್-4 ಅಷ್ಟೇ. ಈಗ ಲೆಕ್ಕ ಹಾಕಿ. ಹಳೇ ಗೋಡೆ 15ರಿಂದ ಸುಮಾರು 13ಕ್ಕೆ ಇಳಿಯುತ್ತದೆ, ನೂರಕ್ಕೆ ಹನ್ನೆರಡು ನಷ್ಟ. ಆಳದ ಗೋಡೆ 32ರಿಂದ 24ರ ಒಳಗೆ ಇಳಿಯುತ್ತದೆ, ನೂರಕ್ಕೆ ಇಪ್ಪತ್ತಾರು ನಷ್ಟ. ಸಂದು ಅಷ್ಟೇ, ನಷ್ಟ ಎರಡು ಪಟ್ಟು. ಶಾಖ ಸುಲಭದ ದಾರಿ ಹುಡುಕುತ್ತದೆ. ಸುತ್ತಲಿನ ಜಾಗ ಚೆನ್ನಾಗಿದ್ದಷ್ಟೂ ಆ ಒಂದು ಸಂದು ದೊಡ್ಡ ಬಾಗಿಲಾಗುತ್ತದೆ. ಅದಕ್ಕೇ ನಾನು ಹೇಳುವುದು: ಆಳ ಜಾಸ್ತಿ ಮಾಡಿದವರು ಅಳತೆಯಲ್ಲಿ ಇನ್ನೂ ಜಾಸ್ತಿ ಕಟ್ಟುನಿಟ್ಟಾಗಿರಬೇಕು. ಅಂಗಡಿಗೆ ಹೋಗಿ ಪ್ಯಾಕೆಟ್ ಮೇಲಿನ ಆರ್ ನೋಡುವ ಮುಂಚೆ ನಿಮ್ಮ ಖಾನೆಗೆ ಟೇಪ್ ಹಿಡಿಯಬೇಕು.

ಏನನ್ನು ಅಳೆಯಬೇಕು? ಆಳ, ಅಗಲ, ಎತ್ತರ, ಮೂರನ್ನೂ.

ಆಳದಿಂದ ಶುರು ಮಾಡೋಣ. 2×8 ಅಂತ ಹೆಸರು, ಆದರೆ ಮರ ಇರುವುದು 7.25 ಇಂಚು. 2×10 ಅಂದರೆ 9.25. 2×12 ಅಂದರೆ 11.25. ಇನ್ನು ಬ್ಯಾಟ್ ಬರುವ ಸಾಮಾನ್ಯ ದಪ್ಪ ನೋಡಿ: 3.5 ಇಂಚಿಗೆ ಆರ್-15, 5.5 ಇಂಚಿಗೆ ಆರ್-23, 7.25 ಇಂಚಿಗೆ ಆರ್-30. ಕೆನಡಾದಲ್ಲಿರುವವರಿಗೆ ಪ್ಯಾಕೆಟ್ ಮೇಲೆ ಆರ್‌ಎಸ್‌ಐ (ಆರ್‌ನ ಮೆಟ್ರಿಕ್ ರೂಪ) ಕೂಡ ಇರುತ್ತದೆ. ಅದನ್ನು 5.678ರಿಂದ ಗುಣಿಸಿದರೆ ನಮ್ಮ ಆರ್ ಸಿಗುತ್ತದೆ.

2×8 ಗೋಡೆ ಸುಲಭ. 7.25 ಇಂಚಿನ ಒಂದೇ ಬ್ಯಾಟ್ ಸರಿಯಾಗಿ ಕೂರುತ್ತದೆ, ಆರ್-30 ಆಯಿತು. 2×10ಕ್ಕೆ ಎರಡು ಪದರ ಬೇಕು: 5.5 ಮತ್ತು 3.5, ಒಟ್ಟು 9 ಇಂಚು, ಆರ್-38. ಕಾಲು ಇಂಚು ಉಳಿಯುತ್ತದೆ. 2×12ಕ್ಕೆ 5.5ರ ಎರಡು ಪದರ, 11 ಇಂಚು, ಆರ್-46. ಅಲ್ಲೂ ಕಾಲು ಇಂಚು ಉಳಿಯುತ್ತದೆ. ಆ ಕಾಲು ಇಂಚು ಡ್ರೈವಾಲ್ ಕಡೆ ಉಳಿಯಲಿ ಅಂತ ತುಂಬಾ ಜನ ಬಿಡುತ್ತಾರೆ, ಅದು ಸರಿಯೇ. ನಾನು ಹೇಳುವುದು, ಮೊದಲ ಪದರವನ್ನು ಹಿಂದಿನ ಹಲಗೆಗೆ ಪೂರ್ತಿ ಒತ್ತಿ, ಎರಡನೆಯದನ್ನು ಮೊದಲನೆಯದಕ್ಕೆ ಒತ್ತಿ. ಪದರಗಳ ನಡುವೆ ಗಾಳಿ ಓಡಾಡುವ ಜಾಗ ಇರಕೂಡದು. ಮುಂದೆ ಡ್ರೈವಾಲ್ ಮುಚ್ಚಿಕೊಂಡಾಗ ಆ ಕಾಲು ಇಂಚಿನಿಂದ ಅಷ್ಟೇನೂ ತೊಂದರೆ ಇಲ್ಲ. ನಡುವೆ ಅಥವಾ ಹಿಂದೆ ಬಿಟ್ಟರೆ ತಣ್ಣಗಿನ ಗಾಳಿ ಕೆಳಗಿಳಿದು ಬೆಚ್ಚಗಿನ ಗಾಳಿ ಮೇಲೇರುತ್ತದೆ, ಖಾನೆಯ ಒಳಗೇ ಸುತ್ತು ಹೊಡೆಯುತ್ತದೆ.

ಸ್ಟೋನ್ ವೂಲ್ ಒತ್ತಿದರೆ ಗ್ಲಾಸ್ ವೂಲ್ ಥರ ಕುಗ್ಗುವುದಿಲ್ಲ, ಇದನ್ನು ನೆನಪಿಡಿ. ಅರ್ಧ ಇಂಚು ದಪ್ಪ ಜಾಸ್ತಿ ಇರುವುದನ್ನು ತಂದು ಹೇಗೋ ತುರುಕೋಣ ಅಂದರೆ ಡ್ರೈವಾಲ್ ಉಬ್ಬುತ್ತದೆ, ಸ್ಕ್ರೂ ಕಿತ್ತು ಬರುತ್ತದೆ.

ಹಳೇ ಮನೆಗಳಲ್ಲಿ ಇನ್ನೊಂದು ವಿಷಯ. ನೂರು ವರ್ಷದ ಹಿಂದಿನ ಮನೆಯಲ್ಲಿ 2×8 ಅಂದರೆ 7.25 ಇರುವುದಿಲ್ಲ, ಅದಕ್ಕಿಂತ ಜಾಸ್ತಿ ಇರುತ್ತದೆ. ಒಂದೇ ಗೋಡೆಯಲ್ಲಿ ಒಂದು ಸ್ಟಡ್ ಒಂದು ಥರ, ಪಕ್ಕದ್ದು ಇನ್ನೊಂದು ಥರ. ಹಾಗಾಗಿ ಒಂದೇ ಖಾನೆ ಅಳೆದು ಮುಗಿಸಬೇಡಿ.

ಹೊಸದಾಗಿ ಎರಡು ಸಾಲಿನ ಗೋಡೆ ಕಟ್ಟಿಸುವವರಿಗೆ ಒಂದು ಮಾತು. ಮೊದಲು ಗೋಡೆಯ ದಪ್ಪ ನಿರ್ಧಾರ ಮಾಡಿ ಆಮೇಲೆ ಬ್ಯಾಟ್ ಹುಡುಕಬೇಡಿ. ಬ್ಯಾಟ್‌ನಿಂದ ಗೋಡೆಯನ್ನು ಲೆಕ್ಕ ಹಾಕಿ. ಸಾಮಾನ್ಯವಾಗಿ ಹನ್ನೆರಡು ಇಂಚು ಅಂತ ಗುಂಡು ಸಂಖ್ಯೆ ಹಿಡಿಯುತ್ತಾರೆ. ಆಗ ಎರಡು 2×4 ಸಾಲಿನ ನಡುವೆ 5 ಇಂಚು ಉಳಿಯುತ್ತದೆ. ಐದು ಇಂಚಿನ ಬ್ಯಾಟ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದರ ಬದಲು ನಡುವೆ ಸರಿಯಾಗಿ 3.5 ಬಿಡಿ. ಹೊರಗಿನ ಸಾಲಿಗೆ ಒಂದು ಪದರ, ನಡುವೆ ಅಡ್ಡಡ್ಡಲಾಗಿ ಒಂದು ಪದರ, ಒಳಸಾಲಿಗೆ ಒಂದು ಪದರ. ಹತ್ತೂವರೆ ಇಂಚಿಗೆ ಆರ್-45, ಎಲ್ಲ ಒಂದೇ ಥರದ ಪ್ಯಾಕೆಟ್. ನಡುವಿನ ಪದರ ಸ್ಟಡ್‌ಗಳ ಬೆನ್ನನ್ನೂ ಮುಚ್ಚುತ್ತದೆ, ಅದು ದೊಡ್ಡ ಲಾಭ. ಇಂಥ ಗೋಡೆಯಲ್ಲಿ ಬೆಂಕಿ ಉದ್ದಕ್ಕೂ ಓಡದ ಹಾಗೆ ಹತ್ತಡಿಗೊಂದು ತಡೆ ಬೇಕು ಅಂತ ಕೋಡ್ ಹೇಳುತ್ತದೆ. ಗಟ್ಟಿಯಾಗಿ ಕೂರಿಸಿದ ಸ್ಟೋನ್ ವೂಲನ್ನೇ ಆ ತಡೆಯಾಗಿ ಬಳಸಲು ಕೋಡ್ ಒಪ್ಪುತ್ತದೆ. ಆದರೂ ಇನ್‌ಸ್ಪೆಕ್ಟರ್ ಹತ್ತಿರ ಮುಂಚೆಯೇ ಮಾತಾಡಿಕೊಳ್ಳಿ.

ಈಗ ಅಗಲ. ಹದಿನಾರು ಇಂಚಿಗೊಂದು ಸ್ಟಡ್ ಇದ್ದರೆ ನಡುವೆ ಉಳಿಯುವುದು 14.5 ಇಂಚು. ಅದಕ್ಕೆ ಬರುವ ಬ್ಯಾಟ್ 15.25. ಮುಕ್ಕಾಲು ಇಂಚು ಜಾಸ್ತಿ ಇರುವುದು ಬೇಕಂತಲೇ. ಆ ಬಿಗಿಯಿಂದಲೇ ಮೊಳೆ, ಸ್ಟೇಪಲ್ ಏನೂ ಇಲ್ಲದೆ ನಿಲ್ಲುತ್ತದೆ. ಇಪ್ಪತ್ನಾಲ್ಕು ಇಂಚಿನ ಅಂತರಕ್ಕೆ 22.5 ಉಳಿಯುತ್ತದೆ, ಬ್ಯಾಟ್ 23.

ಐ-ಜಾಯ್ಸ್ಟ್ ಹಾಕಿದ ಮಾಡು ಅಥವಾ ಗೋಡೆಯಾದರೆ ಇಲ್ಲಿ ಜೋಪಾನ. ಐ-ಜಾಯ್ಸ್ಟ್‌ಗೆ ಮೇಲೆ ಕೆಳಗೆ ಅಗಲವಾದ ಮರದ ಪಟ್ಟಿ, ನಡುವೆ ಬರೀ ಅರ್ಧ ಇಂಚಿಗೂ ಕಡಿಮೆ ದಪ್ಪದ ಓಎಸ್‌ಬಿ (ಮರದ ಚೂರು ಒತ್ತಿ ಮಾಡಿದ) ಹಲಗೆ. ಪಟ್ಟಿಗಳ ನಡುವೆ 14 ಇಂಚಿನ ಆಸುಪಾಸು ಇದ್ದರೂ ಹಲಗೆಯಿಂದ ಹಲಗೆಗೆ 15.5ಕ್ಕೂ ಜಾಸ್ತಿ ಇರುತ್ತದೆ. ಮಾಮೂಲಿ 15.25ರ ಬ್ಯಾಟ್ ಹಾಕಿದರೆ ಮುಂದಿನಿಂದ ನೋಡಲು ತುಂಬಿದ ಹಾಗೆ ಕಾಣುತ್ತದೆ, ಒಳಗೆ ಪಕ್ಕದಲ್ಲಿ ಮೇಲಿಂದ ಕೆಳಗಿನವರೆಗೆ ಸಂದು. ನೂರಕ್ಕೆ ಐದರ ಲೆಕ್ಕ ಹೇಳಿದೆನಲ್ಲ, ಅದೇ ಇದು. ಇಂಥ ಕಡೆ ಸ್ಟೀಲ್ ಸ್ಟಡ್‌ಗಾಗಿ ಮಾಡಿದ 16.25 ಇಂಚಿನ ಬ್ಯಾಟ್ ತನ್ನಿ. ಮರದ ಮನೆಗೆ ಸ್ಟೀಲ್ ಸ್ಟಡ್‌ನ ಪ್ಯಾಕೆಟ್ ಯಾಕೆ ಅಂತ ಅಂಗಡಿಯವರು ಕೇಳಬಹುದು. ನೀವು ಅಳೆದಿದ್ದೀರಿ, ಧೈರ್ಯವಾಗಿ ತನ್ನಿ.

ಎತ್ತರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ಯಾಟ್ 47 ಇಂಚು ಉದ್ದ. ಎಂಟಡಿ ಗೋಡೆಯ ಸ್ಟಡ್ 92 ಮತ್ತು ಐದೆಂಟಾಂಶ ಇಂಚು. ಎರಡು ಬ್ಯಾಟ್ ಇಟ್ಟು ಒಂದೂಕಾಲು ಇಂಚಿನಷ್ಟು ಕತ್ತರಿಸಿದರೆ, ಎತ್ತರದಲ್ಲೂ ಸ್ವಲ್ಪ ಬಿಗಿಯಾಗಿ ಕೂರುತ್ತದೆ. ಎರಡು ಪದರ ಹಾಕುವಾಗ ಮುಂದಿನ ಜೋಡಣೆ ಹಿಂದಿನ ಜೋಡಣೆಯ ಮೇಲೇ ಬರದ ಹಾಗೆ ಅರ್ಧ ಬ್ಯಾಟ್‌ನಿಂದ ಶುರು ಮಾಡಿ.

ಕತ್ತರಿಸುವ ಕೆಲಸವನ್ನು ಹತ್ತಿರದಿಂದ ನೋಡೋಣ. ಗರಗಸದ ಹಲ್ಲಿನ ಉದ್ದ ಚಾಕು ಬೇಕು, ಬ್ರೆಡ್ ಕೊಯ್ಯುವಂಥದ್ದು. ಬ್ಯಾಟನ್ನು ಪ್ಲೈವುಡ್ ತುಂಡಿನ ಮೇಲೆ ಮಲಗಿಸಿ, ನೇರ ಪಟ್ಟಿ ಇಟ್ಟು, ಒತ್ತದೆ, ಉದ್ದುದ್ದ ಎಳೆದು ಕೊಯ್ಯಿರಿ. ಅಂಚು ಇಟ್ಟಿಗೆಯ ಅಂಚಿನ ಹಾಗೆ ನೇರ ಬರಬೇಕು. ಕಿರಿದಾದ ಖಾನೆಗೆ ಅಗಲದಲ್ಲಿ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸಿ. ಇನ್ನು ಎಲೆಕ್ಟ್ರಿಕ್ ಬಾಕ್ಸ್. ತುಂಬಾ ಕಡೆ ಬಾಕ್ಸ್ ಇರುವ ಜಾಗದಲ್ಲಿ ಬ್ಯಾಟನ್ನು ಪೂರ್ತಿ ಚೌಕವಾಗಿ ತೆಗೆದುಬಿಡುತ್ತಾರೆ, ಆಗ ಬಾಕ್ಸಿನ ಬೆನ್ನ ಹಿಂದೆ ಖಾಲಿ. ಹಾಗೆ ಮಾಡಬೇಡಿ. ಬ್ಯಾಟನ್ನು ಬಾಕ್ಸಿಗೆ ಒತ್ತಿ ಹಿಡಿದರೆ ಅದರ ಗುರುತು ಬೀಳುತ್ತದೆ. ಆ ಗುರುತಿನ ಒಳಗೆ ಬಾಕ್ಸಿನ ಆಳದಷ್ಟು ಮಾತ್ರ ಕೆತ್ತಿ ತೆಗೆಯಿರಿ. ಹಿಂದಿನ ಭಾಗ ಹಾಗೇ ಉಳಿಯಲಿ. ಆಳದ ಖಾನೆಯ ಒಂದು ಸುಖ ಇದು: ಬಾಕ್ಸಿನ ಹಿಂದೆ ಇನ್ನೂ ನಾಲ್ಕೈದು ಇಂಚು ಇರುತ್ತದೆ. ಎರಡು ಪದರ ಇದ್ದರೆ ಹಿಂದಿನ ಪದರವನ್ನು ಮುಟ್ಟುವ ಕೆಲಸವೇ ಇಲ್ಲ. ವೈರ್ ಅಡ್ಡ ಹೋಗಿದ್ದರೆ ಅದರ ನೇರಕ್ಕೆ ಬ್ಯಾಟ್ ಮೇಲೆ ಒಂದು ಸೀಳು ಹಾಕಿ ವೈರನ್ನು ಸೀಳಿನೊಳಗೆ ಕೂರಿಸಿ. ಈ ಕೆಲಸ ಚೆನ್ನಾಗಿ ಆಗಿದೆಯಾ ಅಂತ ನೋಡಲು ಕಣ್ಣಿಗಿಂತ ಬೆರಳು ವಾಸಿ. ಅಂಚಿನಲ್ಲಿ ಬೆರಳು ಸಲೀಸಾಗಿ ಒಳಗೆ ಹೋದರೆ ಆ ಬ್ಯಾಟನ್ನು ಈಚೆ ತೆಗೆದು ಮತ್ತೆ ಹಾಕಬೇಕು.

ಮಾಡಿನ ಕಥೆ ಬೇರೆ. ಒಳಗಿನಿಂದ ಸೀಲಿಂಗ್ ಇಳಿಜಾರಾಗಿಯೇ ಕಾಣುವ ಕೋಣೆ ಎಲ್ಲರಿಗೂ ಇಷ್ಟ. ಅಲ್ಲಿ ರಾಫ್ಟರ್ (ಮಾಡಿನ ಇಳಿಜಾರು ತೊಲೆ) ಆಳ ಪೂರ್ತಿ ತುಂಬುವ ಹಾಗಿಲ್ಲ. ಮೇಲಿನ ಹಲಗೆಯ ಕೆಳಗೆ ಗಾಳಿ ಓಡಲು ಕನಿಷ್ಠ ಒಂದು ಇಂಚು ಜಾಗ ಬೇಕು ಅಂತ ಕೋಡ್ ಹೇಳುತ್ತದೆ. ಎರಡು ಇಂಚು ಇದ್ದರೆ ನನಗೆ ಸಮಾಧಾನ. 2×10 ರಾಫ್ಟರ್‌ನಲ್ಲಿ 7.25ರ ಬ್ಯಾಟ್ ಹಾಕಿದರೆ ಸರಿಯಾಗಿ ಎರಡು ಇಂಚು ಉಳಿಯುತ್ತದೆ, ಆರ್-30. 2×12ರಲ್ಲಿ 5.5 ಮತ್ತು 3.5 ಹಾಕಿದರೆ ಎರಡೂಕಾಲು ಉಳಿಯುತ್ತದೆ, ಆರ್-38. ಆದರೆ ಆರ್-60 ಕೇಳುವ ಕಡೆ ಆರ್-30 ಸಾಕೇ? ಆಟಿಕ್ (ಮಾಡಿನ ಕೆಳಗಿನ ಅಟ್ಟ) ಇಲ್ಲದ ಸೀಲಿಂಗ್‌ಗೆ ಒಂದು ರಿಯಾಯಿತಿ ಇದೆ: 500 ಚದರ ಅಡಿ ಅಥವಾ ಒಟ್ಟು ಸೀಲಿಂಗಿನ ನೂರಕ್ಕೆ ಇಪ್ಪತ್ತು, ಯಾವುದು ಕಡಿಮೆಯೋ ಅಷ್ಟಕ್ಕೆ ಆರ್-30 ನಡೆಯುತ್ತದೆ. ಕೋಡ್ ಒಪ್ಪಿತು ಅಂತ ಅಲ್ಲಿಗೇ ನಿಲ್ಲಬೇಡಿ ಅಂತ ನನ್ನ ಕೋರಿಕೆ. ರಾಫ್ಟರ್ ಕೆಳಗೆ ಅಡ್ಡಪಟ್ಟಿ ಹೊಡೆದು ಇನ್ನೊಂದು 3.5ರ ಪದರ ಹಾಕಲು ಸೀಲಿಂಗ್ ಎತ್ತರ ಇದ್ದರೆ ಹಾಕಿ. ರಾಫ್ಟರ್ ಮರದ ಮೂಲಕ ಹೋಗುವ ಶಾಖವನ್ನೂ ಅದು ತಡೆಯುತ್ತದೆ.

ಗಾಳಿಯ ದಾರಿಗೂ ಬ್ಯಾಟ್‌ಗೂ ನಡುವೆ ಗಟ್ಟಿಯಾದ ಬ್ಯಾಫಲ್ (ಗಾಳಿ ತಡೆಯುವ ಹಾಳೆ) ಇರಲೇಬೇಕು. ಇಲ್ಲದಿದ್ದರೆ ಚಳಿಗಾಳಿ ಬ್ಯಾಟ್‌ನ ಎಳೆಗಳ ಒಳಗೇ ನುಗ್ಗುತ್ತದೆ. ಕಂಬಳಿ ಹೊದ್ದು ಬೈಕ್ ಮೇಲೆ ಕೂತವರಿಗೆ ಏನಾಗುತ್ತದೋ ಇದಕ್ಕೂ ಅದೇ ಆಗುತ್ತದೆ. ಉಣ್ಣೆ ಎಷ್ಟೇ ದಪ್ಪ ಇರಲಿ, ಗಾಳಿ ತಡೆಯುವುದು ಅದರ ಕೆಲಸ ಅಲ್ಲ.

ಈಗ ರೆಜೈನಾದ ಮನೆಯ ಮಾತಿಗೆ ಬರೋಣ. ಆಳದ ಗೋಡೆಯಲ್ಲಿ ಗಾಳಿ ತಡೆ ಯಾಕೆ ಇನ್ನೂ ಮುಖ್ಯ? ಚಳಿಗಾಲದಲ್ಲಿ ಒಳಗೆ 21 ಡಿಗ್ರಿ, ತೇವ ನೂರಕ್ಕೆ 35 ಅಂದುಕೊಳ್ಳಿ. ಆ ಗಾಳಿ 5 ಡಿಗ್ರಿಗೆ ತಣಿದರೆ ನೀರು ಬಿಡುತ್ತದೆ. ಹೊರಗೆ ಮೈನಸ್ 20 ಇದ್ದಾಗ ಆರ್-30 ಗೋಡೆಯ ಹೊರಹಲಗೆಯ ಒಳಮೈ ಮೈನಸ್ 18ರ ಹತ್ತಿರ ಇರುತ್ತದೆ. ತೆಳು ಗೋಡೆಯಲ್ಲಿ ಮನೆಯ ಶಾಖ ಸೋರಿ ಆ ಹಲಗೆಯನ್ನು ಸ್ವಲ್ಪ ಬೆಚ್ಚಗಿಡುತ್ತಿತ್ತು, ಒಣಗಿಸುತ್ತಿತ್ತು. ನಾವು ಶಾಖ ತಡೆದೆವು, ಒಳ್ಳೆಯದೇ. ಆದರೆ ಹಲಗೆ ಈಗ ಇನ್ನೂ ತಣ್ಣಗಿದೆ, ಒಣಗುವುದೂ ನಿಧಾನ. ಅಡಿಗೆಯ ಹಬೆ, ಸ್ನಾನದ ಹಬೆ ಹೊತ್ತ ಗಾಳಿ ಸ್ವಿಚ್ ಬಾಕ್ಸಿನ ತೂತಿನಿಂದ ನುಗ್ಗಿ ಆ ಹಲಗೆಗೆ ತಾಗಿದರೆ ಅಲ್ಲೇ ಹಿಮ ಕಟ್ಟುತ್ತದೆ. ಮಾರ್ಚ್‌ನಲ್ಲಿ ಕರಗಿ ಮರ ನೆನೆಯುತ್ತದೆ. ಸ್ಟೋನ್ ವೂಲ್‌ಗೆ ಏನೂ ಆಗುವುದಿಲ್ಲ, ಕೊಳೆಯುವುದು ಅದರ ಹಿಂದಿನ ಓಎಸ್‌ಬಿ.

ಹಾಗಾಗಿ ಬ್ಯಾಟ್ ತರುವ ಮುಂಚೆ ಸೀಲಂಟ್ ತನ್ನಿ. ಹೊರಹಲಗೆಯ ಜೋಡಣೆಗಳು, ಕೆಳಗಿನ ಪಟ್ಟಿ, ವೈರ್ ಹಾದುಹೋಗುವ ತೂತು, ಎಲ್ಲ ಮುಚ್ಚಿ. ಸಾಧ್ಯವಿದ್ದರೆ ಇನ್ಸುಲೇಷನ್ ಹಾಕುವ ಮುಂಚೆಯೇ ಒಂದು ಸಲ ಬ್ಲೋವರ್ ಡೋರ್ ಪರೀಕ್ಷೆ (ಬಾಗಿಲಿಗೆ ಫ್ಯಾನ್ ಕಟ್ಟಿ ಸೋರಿಕೆ ಅಳೆಯುವುದು) ಮಾಡಿಸಿ. ಸೋರುವ ಕಡೆ ಕೈಗೆ ಗಾಳಿ ತಾಗುತ್ತದೆ, ಆಗ ಮುಚ್ಚುವುದು ಸುಲಭ. ಚಳಿ ಪ್ರದೇಶದ ಹೊಸ ಮನೆ ಗಂಟೆಗೆ ಮೂರು ಗಾಳಿ ಬದಲಾವಣೆಗಿಂತ ಜಾಸ್ತಿ ಸೋರಬಾರದು, 50 ಪ್ಯಾಸ್ಕಲ್ ಒತ್ತಡದಲ್ಲಿ, ಅಂತ ಐಇಸಿಸಿಯ 2012ರ ಆವೃತ್ತಿಯಲ್ಲೇ ಹೇಳಿದ್ದರು.

ಹಬೆ ತಡೆ ಇನ್ನೊಂದು ವಿಷಯ. ಸ್ಟೋನ್ ವೂಲ್ ಬ್ಯಾಟ್‌ಗೆ ಸಾಮಾನ್ಯವಾಗಿ ಹಬೆ ತಡೆಯುವ ಕಂದು ಕ್ರಾಫ್ಟ್ ಪೇಪರ್ ಅಂಟಿಸಿರುವುದಿಲ್ಲ. ಹಬೆ ಅದರ ಮೂಲಕ ಆರಾಮಾಗಿ ಹೋಗುತ್ತದೆ. ಆದ್ದರಿಂದ ನಮ್ಮ ಚಳಿಯಲ್ಲಿ ಒಳಗಡೆ ಒಂದು ಪ್ರತ್ಯೇಕ ಪದರ ಬೇಕೇ ಬೇಕು. ಪಾಲಿಥೀನ್ ಹಾಳೆ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಬೇಸಿಗೆಯಲ್ಲಿ ಎಸಿ ಹಾಕುವ ಮನೆಯಲ್ಲಿ ಗೋಡೆ ಒಳಮುಖವಾಗಿ ಒಣಗಲು ಅದು ಬಿಡುವುದಿಲ್ಲ. ಆಳದ ಗೋಡೆಗೆ ನನ್ನ ಆಯ್ಕೆ ಸ್ಮಾರ್ಟ್ ಮೆಂಬ್ರೇನ್. ಒಣಗಿದ್ದಾಗ ಹಬೆಯನ್ನು ತಡೆಯುತ್ತದೆ, ಸುತ್ತ ತೇವ ಹೆಚ್ಚಾದಾಗ ಬಿಟ್ಟುಕೊಡುತ್ತದೆ. ದುಡ್ಡು ಜಾಸ್ತಿ, ನಿಜ. ಆದರೆ ಗೋಡೆ ಆಳ ಮಾಡಿ ಖರ್ಚು ಮಾಡಿದ ಮೇಲೆ ಇದರಲ್ಲಿ ಉಳಿಸುವುದು ಸರಿಯಲ್ಲ.

ಮರದ ಮಾತೂ ಹೇಳಿಬಿಡುತ್ತೇನೆ. ಗೋಡೆಯಲ್ಲಿ ಕಾಲು ಭಾಗ ಬರೀ ಮರ ಇರುತ್ತದೆ: ಸ್ಟಡ್, ಕಿಟಕಿ ಸುತ್ತಲಿನ ಕಟ್ಟು, ಮೇಲಿನ ಕೆಳಗಿನ ಪಟ್ಟಿ. ಮರದ ಆರ್ ಇಂಚಿಗೆ 1.25ರ ಹತ್ತಿರ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಆರ್-30 ತುಂಬಿದ 2×8 ಗೋಡೆ ಒಟ್ಟಾರೆ ಆರ್-23 ಬರುತ್ತದೆ. ಆರ್-20 ತುಂಬಿ ಹೊರಗೆ ಆರ್-5 ಹೊದಿಸಿದ 2×6 ಗೋಡೆಯೂ ಆರ್-23ರ ಹತ್ತಿರವೇ. ಕೋಡ್ ಎರಡನ್ನೂ ಸಮ ಅಂತ ಇಟ್ಟಿರುವುದು ಸುಮ್ನೆ ಅಲ್ಲ. ಹಾಗಾದರೆ ಯಾವುದು ಮಾಡಬೇಕು? ಹೇಗೂ ಹಳೇ ಸೈಡಿಂಗ್ ಕಿತ್ತು ಹೊಸದು ಹಾಕಿಸುತ್ತಿದ್ದರೆ ಹೊರಗಿನ ಹೊದಿಕೆಯೇ ಒಳ್ಳೆಯದು, ಹಲಗೆ ಬೆಚ್ಚಗಿರುತ್ತದೆ. ಸೈಡಿಂಗ್ ಚೆನ್ನಾಗಿದ್ದು ಒಳಗಿನಿಂದ ಮಾತ್ರ ಕೆಲಸ ಅಂದರೆ ಖಾನೆ ಆಳ ಮಾಡಿ.

ಕೆಲಸ ಮಾಡುವಾಗ ಮೈ ಕೈ ತುರಿಕೆ ಆಗುತ್ತದೆ. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ, ಎನ್95 ಮಾಸ್ಕ್ ಬೇಕು. ಮನೆಗೆ ಬಳಸುವ ಈ ಉಣ್ಣೆಗಳಿಂದ ಕ್ಯಾನ್ಸರ್ ಬರುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2001ರ ಪರಿಶೀಲನೆಯಲ್ಲಿ ಇವನ್ನು ಮೂರನೇ ಗುಂಪಿಗೆ ಇಳಿಸಿತು. ಹಾಗಂತ ಧೂಳು ಕುಡಿಯುವುದು ಬೇಡ.

ಇನ್ನು ನಿಮ್ಮ ಪ್ರಶ್ನೆಗಳು.

"ಸೆಲ್ಯುಲೋಸ್ ಅಗ್ಗ ಅಲ್ವಾ ಸರ್? ಎರಡು ಸಾಲಿನ ಗೋಡೆಗೆ ಅದನ್ನೇ ಊದಿಸಬಹುದಲ್ಲ?" ಖಂಡಿತ ಊದಿಸಬಹುದು. ಹಳೇ ಪೇಪರ್‌ನಿಂದ ಮಾಡುವುದರಿಂದ ಪರಿಸರಕ್ಕೂ ಹಗುರ. ಕಲ್ಲು ಕರಗಿಸಲು ಎಷ್ಟು ಇಂಧನ ಬೇಕು ಅಂತ ಯೋಚಿಸಿ. ಅನುಭವ ಇರುವ ಕೆಲಸಗಾರರು ಸಿಕ್ಕಿ, ಗೋಡೆ ತುಂಬಾ ಇದ್ದರೆ ನಾನೂ ಸೆಲ್ಯುಲೋಸ್ ಅನ್ನುತ್ತೇನೆ. ಒಂದೇ ಕೋಣೆ, ನಿಮ್ಮ ಕೈಯಾರೆ ಶನಿವಾರ ಭಾನುವಾರ ಮಾಡುವ ಕೆಲಸ, ಗ್ಯಾರೇಜ್‌ಗೆ ಅಂಟಿದ ಗೋಡೆ, ಸದ್ದು ತಡೆಯಬೇಕಾದ ಜಾಗ, ಇಂಥ ಕಡೆ ಸ್ಟೋನ್ ವೂಲ್ ಗೆಲ್ಲುತ್ತದೆ.

"ಬೆಂಕಿ ಹತ್ತುವುದಿಲ್ಲ ಅಂದಿರಿ. ಫೈರ್‌ಪ್ಲೇಸ್ ಚಿಮಣಿ ಸುತ್ತ ತುಂಬಬಹುದಾ?" ಬೇಡ. ಲೋಹದ ಚಿಮಣಿ ಸುತ್ತ ಬಿಡಬೇಕಾದ ಖಾಲಿ ಜಾಗ, ಸಾಮಾನ್ಯವಾಗಿ ಎರಡು ಇಂಚು, ಖಾಲಿಯೇ ಇರಬೇಕು. ಉಣ್ಣೆ ಸುಡುವುದಿಲ್ಲ ನಿಜ, ಆದರೆ ಚಿಮಣಿಯ ಶಾಖ ಹೊರಗೆ ಹೋಗದೆ ಅಲ್ಲೇ ನಿಂತು ಪಕ್ಕದ ಮರ ಕಾಯುತ್ತದೆ. ಸೀಲಿಂಗ್‌ನಲ್ಲಿ ಹುದುಗಿಸಿದ ಹಳೇ ಲೈಟ್‌ಗಳಿಗೂ ಇದೇ ಮಾತು. ಇನ್ಸುಲೇಷನ್ ತಾಗಬಹುದು ಅಂತ ಗುರುತಿಲ್ಲದ ಲೈಟ್ ಆದರೆ ಸುತ್ತ ಮೂರು ಇಂಚು ಬಿಡಬೇಕು. ಅದರ ಬದಲು ಲೈಟನ್ನೇ ಬದಲಾಯಿಸಿಬಿಡಿ.

"ಬೆಂಗಳೂರಿನ ನಮ್ಮ ಮನೆಗೂ ಹಾಕಿಸಬಹುದಾ?" ಅಲ್ಲಿನ ಇಟ್ಟಿಗೆ, ಕಾಂಕ್ರೀಟ್ ಮನೆಯಲ್ಲಿ ಬ್ಯಾಟ್ ಕೂರಿಸಲು ಖಾನೆಯೇ ಇಲ್ಲ. ನಮ್ಮ ದೇಶದಲ್ಲಿ ಇದನ್ನು ಜಾಸ್ತಿ ಬಳಸುವುದು ಬಾಯ್ಲರ್, ಪೈಪ್, ಕಾರ್ಖಾನೆಯ ಶೀಟ್ ಮಾಡುಗಳಿಗೆ. ಬೆಂಗಳೂರಿನ ಮನೆಗೆ ತಾರಸಿಯ ಬಿಸಿಲು ತಡೆಯುವುದು ಮೊದಲ ಕೆಲಸ, ಅದಕ್ಕೆ ಬೇರೆ ದಾರಿಗಳಿವೆ.

"ಹಳೇ 2×4 ಗೋಡೆಯಲ್ಲಿ ಗ್ಲಾಸ್ ವೂಲ್ ಇದೆ. ಅದರ ಮುಂದೆ ಪಟ್ಟಿ ಹೊಡೆದು ಆಳ ಮಾಡಿ ಸ್ಟೋನ್ ವೂಲ್ ಸೇರಿಸಿದರೆ?" ಒಳ್ಳೆಯ ಪ್ರಶ್ನೆ ಮೇಡಂ. ಮಾಡಬಹುದು. ಆದರೆ ಹಳೇ ಬ್ಯಾಟ್ ಮೇಲೆ ಕ್ರಾಫ್ಟ್ ಪೇಪರ್ ಇರುತ್ತದೆ. ಹೊಸ ಪದರ ಬಂದ ಮೇಲೆ ಆ ಪೇಪರ್ ಗೋಡೆಯ ನಡುವೆ, ತಣ್ಣಗಿನ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಹಬೆ ಅಲ್ಲೇ ನಿಲ್ಲಬಹುದು. ಪೇಪರ್ ಕಿತ್ತು ತೆಗೆಯಿರಿ, ಆಗದಿದ್ದರೆ ಚಾಕುವಿನಿಂದ ಉದ್ದಕ್ಕೂ ಸೀಳಿಬಿಡಿ. ಅದಕ್ಕೂ ಮುಂಚೆ ಆ ಬ್ಯಾಟನ್ನು ಒಮ್ಮೆ ಈಚೆ ಎಳೆದು ಹಿಂದಿನ ಹಲಗೆ ನೋಡಿ. ಕಪ್ಪು ಕಲೆ, ನೀರಿನ ಗುರುತು ಇದ್ದರೆ ಎಲ್ಲಿಂದ ಸೋರುತ್ತಿದೆ ಅಂತ ಹುಡುಕಿ ಸರಿ ಮಾಡಿ. ಬ್ಯಾಟ್ ಮೇಲೆ ಕಪ್ಪು ಧೂಳಿನ ಪಟ್ಟೆ ಇದ್ದರೆ ಅಲ್ಲಿ ಗಾಳಿ ಹಾಯುತ್ತಿತ್ತು ಅಂತ ಅರ್ಥ, ಸೀಲಂಟ್ ಮೊದಲು ಅಲ್ಲಿಗೇ ಹೋಗಬೇಕು. ಹಲಗೆ ಒಣಗಿ ಗಟ್ಟಿಯಾಗಿದ್ದರೆ ಹಳೇ ಬ್ಯಾಟನ್ನು ವಾಪಸ್ ನೀಟಾಗಿ ಕೂರಿಸಿ, ಅದರ ಮೇಲೆ ಹೊಸದನ್ನು ಒತ್ತಿ, ಒಳಗಡೆ ಸ್ಮಾರ್ಟ್ ಮೆಂಬ್ರೇನ್ ಹಾಕಿ ಜೋಡಣೆಗಳಿಗೆ ಟೇಪ್ ಅಂಟಿಸಿ.